ಶೆಟವಿಗೆ ಇಟ್ಟ ಹಾಳೆ

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಕಾಶಿಯಲ್ಲಿ, ನಮ್ಮ ಮೂರನೆಯ ಅಂತಸ್ತಿನ ಕೋಣೆಯಲ್ಲಿ, ಕೆಂಪು ಕುಂಚಿಗೆ ಕಟ್ಟಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ, ಜೀವಂತವಾಗಿ, ನನ್ನ ಮೊಮ್ಮಗಳು ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಮಲಗಿದಳು. ಇಷ್ಟು ವರ್ಷಗಳಾದ ಮೇಲೂ ಆ ಚಳಿಗಾಲದ ಮಾತು ಬಂದರೆ ನನ್ನ ಬಾಯಿಗೆ ಮೊದಲು ಬರುವುದು ಇದೇ. ನಡುವಿನ ಸಂಕಟ ಹೇಳಲು ಹೊರಟರೂ ತುದಿಯ ಸಂತೋಷ ಹಾಲಿನ ಹಾಗೆ ಉಕ್ಕಿ ಮೊದಲೇ ಚೆಲ್ಲಿಬಿಡುತ್ತದೆ. ಜೀವಂತವಾಗಿ ಎಂದು ಯಾಕೆ ಬರೆದೆ ಎಂದರೆ, ಆ ತೊಟ್ಟಿಲು ಅದಕ್ಕೂ ಮೊದಲು ಎರಡು ಸಲ ಅಟ್ಟದಿಂದ ಇಳಿದಿತ್ತು. ಒಂದು ಸಲ ಕೆಲವು ದಿನ ತೂಗಿದೆವು. ಇನ್ನೊಂದು ಸಲ ಹಗ್ಗ ಕಟ್ಟುವ ಮೊದಲೇ ತಿರುಗಿ ಅಟ್ಟಕ್ಕೆ ಹೋಯಿತು.

ನಾನು ಕಲಿತದ್ದು ಮೂರನೆಯ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ಎಪ್ಪತ್ತರ ದಶಕದ ಮಾತು ಇದು, ಎಮರ್ಜೆನ್ಸಿ ಬರುವುದಕ್ಕೆ ಮುಂಚಿನದು. ಜಂಗಮವಾಡಿಯ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಯಜಮಾನರು ನಮ್ಮ ಕಡೆಯಿಂದ, ಅಂದರೆ ಧಾರವಾಡ, ವಿಜಾಪುರದ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಿದ್ದರು. ಕೇಳಿದವರಿಗೆ ಜಾತಕ ಬರೆದುಕೊಡುತ್ತಿದ್ದರು. ಮಗ ಸೀರೆ ಅಂಗಡಿಯಲ್ಲಿ ಗುಮಾಸ್ತ. ಕೆಳಗಿನ ಕೋಣೆಯಲ್ಲಿ ವಿಜಾಪುರದ ಕಡೆಯ ಒಬ್ಬ ವಿಧವೆ ಅಜ್ಜಿ ಬಾಡಿಗೆಗೆ ಇದ್ದರು. ಕಾಶಿಯಲ್ಲಿ ಸಾಯಬೇಕೆಂದು ಬಂದವರು. ಬಂದು ವರ್ಷಗಳೇ ಕಳೆದಿದ್ದವು, ಸಾವು ಬಂದಿರಲಿಲ್ಲ.

"ರೇಷನ್ ಅಂಗಡಿ ಮುಂದ ನಿಂತಂಗ ನಿಂತೀನವಾ," ಎನ್ನುತ್ತಿದ್ದರು ಅಜ್ಜಿ. "ನನ್ನ ಪಾಳಿ ಬರೂದ್ರಾಗ ಸಕ್ಕರಿ ಮುಗದಿರತದ."

ಕಾಶಿಯ ಗಲ್ಲಿ ಎಂದರೆ ನೋಡದವರಿಗೆ ಹೇಗೆ ಹೇಳಲಿ? ಎರಡೂ ಕಡೆ ಎತ್ತರದ ಮನೆಗಳು, ನಡುವೆ ಒಂದು ಎಮ್ಮೆ ಹೋದರೆ ಮನುಷ್ಯ ಗೋಡೆಗೆ ಅಂಟಬೇಕು. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಹಗಲಿಡೀ ಹೆಣಗಳು ಹೋಗುತ್ತಿದ್ದವು, ಬಿದಿರಿನ ಚಟ್ಟದ ಮೇಲೆ, ರಾಮನಾಮ ಸತ್ಯ ಎಂದು ಕೂಗಿಸಿಕೊಂಡು. ಮೊದಮೊದಲು ಕೈಮುಗಿಯುತ್ತಿದ್ದೆ. ಆಮೇಲೆ ಅಕ್ಕಿ ಆರಿಸುವ ಕೈ ನಿಲ್ಲುವುದನ್ನೂ ಬಿಟ್ಟಿತು. ಅಂಥಲ್ಲಿ ಇದ್ದು ಇದ್ದು ನನಗೆ ಎಲ್ಲದರಲ್ಲೂ ಕೆಟ್ಟದ್ದೇ ಮೊದಲು ಕಾಣುವ ಸ್ವಭಾವ ಬಂತು. ಯಜಮಾನರು ಇದಕ್ಕೆ ಪೂರಾ ಉಲ್ಟಾ. ದಿನಾ ಪಿಂಡ ಹಾಕಿಸುವ ಮನುಷ್ಯ, ಮನೆಗೆ ಬಂದರೆ ಬಾಯಲ್ಲಿ ಒಂದೇ ಮಾತು: "ಎಲ್ಲಾ ಛಲೋ ಆಗ್ತದ ತಗೊ."

ಸೊಸೆ ಧಾರವಾಡದ ಕಡೆಯವಳು. ತಾಯಿ ಇಲ್ಲದ ಹುಡುಗಿ, ಮಾತು ಕಡಿಮೆ. ಬಂದ ಹೊಸದರಲ್ಲಿ ಬೆಳಿಗ್ಗೆ ಎದ್ದು ಬಾಗಿಲ ಮುಂದಿನ ಕಲ್ಲು ತೊಳೆದು ರಂಗೋಲಿ ಹಾಕುತ್ತಿದ್ದಳು. ಹಾಕಿ ಏಳುವುದರೊಳಗೆ ಒಂದು ಗೂಳಿ ಅದರ ಮೇಲೆ ನಿಂತಿರುತ್ತಿತ್ತು. ಗೂಳಿ ಇಲ್ಲದಿದ್ದರೆ ಹೆಣ ಹೊತ್ತವರ ಕಾಲು. ಕೆಲವು ತಿಂಗಳು ನೋಡಿದಳು. ಒಂದು ದಿನ ಮಾವನಿಗೆ, "ಮಾವನವರ, ನಿಮ್ಮ ಜಾತಕದ ಹಾಳಿ ಒಂದೆರಡು ಕೊಡ್ತೀರೇನ್ರಿ?" ಎಂದು ಕೇಳಿದಳು. ಅವು ಗಟ್ಟಿ ಹಾಳೆಗಳು, ಸ್ವಲ್ಪ ಹಳದಿ ಬಣ್ಣದವು. ಕೊಟ್ಟರು. ಅವತ್ತಿನಿಂದ ರಂಗೋಲಿ ಕಾಗದದ ಮೇಲೆ ಬಂತು.

ದೀಪದ ಮಸಿಗೆ ಗೋಂದು ಕಲಸಿ ಕಪ್ಪು, ಕುಂಕುಮ ಕಲಸಿ ಕೆಂಪು, ಅರಿಶಿನ, ಮೆಂತ್ಯದ ಸೊಪ್ಪು ಅರೆದು ಒಂಥರಾ ಹಸಿರು. ತೆಂಗಿನ ಕಡ್ಡಿಯ ತುದಿ ಜಗಿದು ಕುಂಚ. ಚುಕ್ಕಿ ಇಟ್ಟು ಗೆರೆ ಎಳೆದರೆ ಗಿಳಿ ಆಗುತ್ತಿತ್ತು, ಜೋಕಾಲಿ ಆಗುತ್ತಿತ್ತು, ಕೆಲವೊಮ್ಮೆ ನಮ್ಮ ಗಲ್ಲಿಯ ಗೂಳಿಯೇ ಕೊಂಬಿಗೆ ಹೂ ಸುತ್ತಿಕೊಂಡು ನಿಂತಿರುತ್ತಿತ್ತು. ಅಡಿಗೆಮನೆಯ ಗೋಡೆಗೆಲ್ಲ ಅಂಟಿಸಿದ್ದಳು. ಬಿಸಿಲು ಬಾರದ ಮನೆಯಲ್ಲಿ ಅಷ್ಟು ಬಣ್ಣ ನೋಡಿ ನನಗೆ ಹೆದರಿಕೆಯೇ ಆಗುತ್ತಿತ್ತು, ಯಾರ ದೃಷ್ಟಿ ಬೀಳುತ್ತದೋ ಎಂದು.

ಮೊದಲನೆಯದು ಗಂಡು ಕೂಸು. ನಮ್ಮ ಕಡೆ ಪದ್ಧತಿ ಒಂದುಂಟು. ಕೂಸು ಹುಟ್ಟಿದ ಐದನೆಯ ದಿನ ಶೆಟವಿ ಬರುತ್ತಾಳೆ ಎನ್ನುತ್ತಾರೆ. ಹಣೆಬರಹ ಬರೆಯುವ ತಾಯಿ ಆಕೆ. ಮುಸ್ಸಂಜೆಗೆ ದೀಪ ಹಚ್ಚಿ ಕೂಸಿನ ತಲೆಯ ಹತ್ತಿರ ಒಂದು ಖಾಲಿ ಹಾಳೆ, ಒಂದು ಲೇಖನಿ ಇಡಬೇಕು. ಹಾಳೆಯ ಮೇಲೆ ಏನೂ ಇರಬಾರದು, ಒಂದು ಚುಕ್ಕಿಯೂ. ಎಲ್ಲರೂ ಮಲಗಿದ ಮೇಲೆ ಆಕೆ ಬಂದು ಬರೆದು ಹೋಗುತ್ತಾಳೆ, ನಮ್ಮ ಕಣ್ಣಿಗೆ ಕಾಣದ ಅಕ್ಷರದಲ್ಲಿ. ಮರುದಿನ ಆ ಹಾಳೆಯನ್ನು ಮಡಚಿ ಕೂಸಿನ ತಲೆದಿಂಬಿನ ಕೆಳಗೆ ಇಡುತ್ತೇವೆ.

ಮೊದಲ ಕೂಸಿಗೂ ಇಟ್ಟೆವು. ತೊಟ್ಟಿಲಿಗೆ ಹಾಕಿದೆವು, ತೂಗಿದೆವು. ತಿಂಗಳು ತುಂಬುವ ಮೊದಲೇ ಜ್ವರ ಬಂದು ಹೋಯಿತು. ಎರಡನೆಯದು ಹೆಣ್ಣು. ಅದಕ್ಕೂ ಹಾಳೆ ಇಟ್ಟೆವು. ಅದು ತೊಟ್ಟಿಲ ತನಕವೂ ಬರಲಿಲ್ಲ.

ಹಸುಗೂಸುಗಳನ್ನು ಕಾಶಿಯಲ್ಲಿ ಸುಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ದೋಣಿಯಲ್ಲಿ ಒಯ್ದು ನಡುನೀರಿಗೆ ಬಿಡುತ್ತಾರೆ. ಹೆಂಗಸರು ಹೋಗುವುದಿಲ್ಲ. ಮಗ ಎರಡು ಸಲವೂ ಹೋಗಿ ಬಂದ. ಎರಡನೆಯ ಸಲ ಬಂದವನು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. "ಒಳಗ ಬಾರೋ, ಥಂಡಿ ಅದ," ಎಂದೆ. "ಅವ್ವಾ, ಕಲ್ಲು ಕೂಸಿಗಿಂತ ದೊಡ್ಡದಿತ್ತು," ಎಂದ. ಅಷ್ಟೇ. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅದಾದ ಮೇಲೆ ಸೊಸೆ ಅಡಿಗೆಮನೆಯ ಗೋಡೆಯ ಮೇಲಿದ್ದ ಗಿಳಿ, ಜೋಕಾಲಿ, ಗೂಳಿ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದಳು. ಅವತ್ತು ಅನ್ನ ಆ ಬೆಂಕಿಯಲ್ಲೇ ಬೆಂದಿತು. ಆದರೆ ಎರಡು ಹಾಳೆಗಳನ್ನು ಮಾತ್ರ ಇಟ್ಟುಕೊಂಡಳು. ಎರಡು ಕೂಸುಗಳ ತಲೆಯ ಹತ್ತಿರ ಶೆಟವಿಗೆ ಎಂದು ಇಟ್ಟಿದ್ದ ಖಾಲಿ ಹಾಳೆಗಳು ಅವು. ಗಂಗೆಗೆ ಬಿಡಬೇಕಾಗಿತ್ತು. ಆಕೆ ಕೊಡಲಿಲ್ಲ, ಅವುಗಳ ಮೇಲೆ ಬರೆದಳು.

ಮೊದಲನೆಯ ಹಾಳೆಯ ತುಂಬ ಬರೀ ಚುಕ್ಕಿ. ಸಾಲು ಹಿಡಿದು, ಅಳತೆ ತಪ್ಪದೆ ಇಟ್ಟ ಚುಕ್ಕಿಗಳು. ಗೆರೆ ಒಂದೂ ಇಲ್ಲ. ಎರಡನೆಯ ಹಾಳೆ ಅಂಚಿನಿಂದ ಅಂಚಿಗೆ ಕಪ್ಪು. ಒಂದರ ಮೇಲೊಂದು ಮಸಿ ಬಳಿದು ಬಳಿದು ಹಾಳೆ ಚರ್ಮದ ಹಾಗೆ ಬಿಗಿದುಕೊಂಡಿತ್ತು. ಕೆಳಗೆ ಒಂದು ಕಡೆ, ಹೆಬ್ಬೆರಳಿನಷ್ಟು ಜಾಗ ಮಾತ್ರ ಬಳಿಯದೆ ಬಿಟ್ಟಿದ್ದಳು. ಕಲ್ಲಿನ ಆಕಾರ. ಕಲ್ಲಿನ ಸುದ್ದಿ ಆಕೆಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ನಾನಂತೂ ಹೇಳಿರಲಿಲ್ಲ.

ಇವು ಮನೆಯಲ್ಲಿ ಇರಬಾರದು ಎಂದು ನಾನು. ಇರಲಿ ಬಿಡು, ಮನಸ್ಸು ಹಗುರಾಗ್ತದ ಎಂದು ಯಜಮಾನರು. ಕೆಳಗಿನ ಅಜ್ಜಿಗೆ ಮಾತ್ರ ನೋಡಬೇಕೆಂಬ ಆಸೆ. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಕುಳಿತರು.

"ಇದೇನವಾ, ಚುಕ್ಕಿ ಇಟ್ಟು ಗೆರಿ ಎಳಿಯೂದ ಮರತೀಯೇನ?"

"ಮರತಿಲ್ರಿ. ಇನ್ನೂ ಎಳೀಬಹುದು ಅಂತ ಹಂಗ ಬಿಟ್ಟೀನಿ."

"ಹಂಗಾರ ಇದು ಆಸೆ."

"ಹೂಂ ಅನ್ರಿ."

"ಮತ್ತ ಈ ಕರೀದು?"

"ಅದು ಎಳದು ಮುಗಿಸಿದ್ದು."

ಅಜ್ಜಿ ಕರಿ ಹಾಳೆಯನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡರು. "ಸುಖದ್ದೊಂದು ಬರಿ ನೋಡೂಣು. ನೋಡಿ ಸಾಯ್ತೀನಿ."

"ಅದು ನನಗ ಬರೀಲಿಕ್ಕೆ ಬರೂದಿಲ್ರಿ ಅಜ್ಜಿ."

"ಅಯ್ಯ, ಹಂಗಾರ ನನಗ ಇಷ್ಟ ಲಗೂ ಸಾವಿಲ್ಲ ಬಿಡು."

ಸೊಸೆ ನಕ್ಕಳೇನೋ ಎಂದು ನಾನು ಅಡಿಗೆಮನೆಯಿಂದ ಬಗ್ಗಿ ನೋಡಿದೆ. ನಕ್ಕಿರಲಿಲ್ಲ.

ಮೂರನೆಯ ಸಲ ಬಸಿರಾದದ್ದನ್ನು ಆಕೆ ಯಾರಿಗೂ ಹೇಳಲಿಲ್ಲ. ಹೊಟ್ಟೆಯೇ ಹೇಳಬೇಕಾಯಿತು. ಕುಬಸದ, ಅಂದರೆ ಸೀಮಂತದ, ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಹಳೆಯ ಸೀರೆ ಹರಿದು ದುಪ್ಪಟಿ ಹೊಲಿಯುತ್ತ ಕುಳಿತರೆ, "ಯಾಕ್ರಿ ಅತ್ತೀ ಈಗ?" ಎಂದು ನನ್ನ ಕೈಯಿಂದ ಸೂಜಿ ತೆಗೆದಿಡುತ್ತಿದ್ದಳು. ಆಕೆಗೆ ಬುದ್ಧಿ ಹೇಳಲು ನನಗೆ ಬಾಯಿ ಇರಲಿಲ್ಲ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಕುಂಚ ಮುಟ್ಟಿದ್ದನ್ನು ಆ ತಿಂಗಳುಗಳಲ್ಲಿ ನಾನು ನೋಡಲಿಲ್ಲ.

ಸಂಕ್ರಾಂತಿ ಕಳೆದ ಕೆಲವು ದಿನಕ್ಕೆ ಹೆತ್ತಳು. ಕಾಶಿಯ ಚಳಿ, ಗೋಡೆ ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಸೂಲಗಿತ್ತಿ ಕೂಸನ್ನು ಎತ್ತಿ ಹಿಡಿದು, "ಲಕ್ಷ್ಮೀ ಆಯೀ ಹೈ, ಮಾಯೀ!" ಎಂದು ಕೂಗಿದಳು. ಸೊಸೆ ಗೋಡೆಯ ಕಡೆ ಹೊರಳಿದಳು. ಕೂಸನ್ನು ಮಗ್ಗುಲಿಗೆ ಮಲಗಿಸಿದರೆ ಹಾಲು ಕುಡಿಸುತ್ತಿದ್ದಳು, ಅದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಮುಖ ನೋಡುತ್ತಿರಲಿಲ್ಲ. ಸೆರಗು ಹೊದಿಸಿ ಕಣ್ಣು ಮುಚ್ಚಿಕೊಂಡು ಕುಡಿಸುತ್ತಿದ್ದಳು. ಅದನ್ನು ನೋಡಿ ನನಗೆ ಚಿಂತೆ ಎರಡಾಯಿತು. ಕೂಸು ಉಳಿಯುತ್ತದೆಯೋ ಇಲ್ಲವೋ ಎಂಬುದು ಒಂದು. ಉಳಿದರೂ ಇವಳು ಅದನ್ನು ನೋಡುತ್ತಾಳೋ ಇಲ್ಲವೋ?

ಐದನೆಯ ದಿನ ಬಂತು. ಹಾಳೆ ಇಡುವುದು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಏನೂ ಅನ್ನಲಿಲ್ಲ. ಮಗ ಸೀಮೆಎಣ್ಣೆಯ ಪಾಳಿಯಲ್ಲಿ ನಿಂತಿದ್ದ, ನಾನು ಬಾಣಂತಿಯ ಪಥ್ಯದ ಅಡಿಗೆಯಲ್ಲಿದ್ದೆ. ಹೀಗಾಗಿ ಯಜಮಾನರೇ ದೀಪ ಹಚ್ಚಿ ಹಾಳೆ, ಲೇಖನಿ ಇಟ್ಟರು. ಮನೆಗೆ ವೃದ್ಧಿ, ಅಂದರೆ ಹುಟ್ಟಿನ ಸೂತಕ, ಬಂದಿತ್ತಲ್ಲ, ಹತ್ತು ದಿನ ಅವರಿಗೆ ಯಾತ್ರಿಕರ ಕೆಲಸ ಇರಲಿಲ್ಲ. ಸುಮ್ಮನೆ ಕೂತು ರೂಢಿಯಿಲ್ಲದ ಮನುಷ್ಯ, ಹೇಳಿದ ಕೆಲಸಕ್ಕಿಂತ ಮೊದಲೇ ಎದ್ದು ಮಾಡುತ್ತಿದ್ದರು.

ಬೆಳಿಗ್ಗೆ ಮಡಚಿ ಇಡೋಣವೆಂದು ನಾನು ಹಾಳೆಯನ್ನು ಎತ್ತಿ ಮಗುಚಿದೆ.

ಹಿಂದಿನ ಮಗ್ಗುಲು ಪೂರಾ ಕಪ್ಪು. ಕೆಳಗೆ ಬಿಳಿ ಕಲ್ಲು.

ಆಕೆ ಆ ಎರಡು ಹಾಳೆಗಳನ್ನು ಮಾವನ ಜಾತಕದ ಹಾಳೆಗಳ ಕಟ್ಟಿನ ಅಡಿಯಲ್ಲಿ, ಬರೆದ ಮಗ್ಗುಲು ಕೆಳಗೆ ಮಾಡಿ, ಮುದುರದಿರಲಿ ಎಂದು ಇಟ್ಟಿದ್ದಳು. ಯಜಮಾನರಿಗೆ ಕಣ್ಣಿನಲ್ಲಿ ಮೋತಿಬಿಂದು, ಪೊರೆ ಬೆಳೆದಿತ್ತು. ಮೇಲಿನ ಹಾಳೆಗಳ ಅಂಚು ಮಾಸಿದ್ದವೆಂದು, ಅಡಿಯಿಂದ ಚೊಕ್ಕದೊಂದು ಎಳೆದುಕೊಂಡಿದ್ದರು.

"ಏನ್ರೀ ಇದು? ಯಾವ ಹಾಳಿ ಇಟ್ರಿ?"

"ಯಾವುದಂದ್ರ? ಛಲೋ ಗಟ್ಟಿ ಹಾಳಿ. ಬಿಳೀದು ನೋಡೇ ಇಟ್ಟೀನಿ."

"ಮಗುಚಿ ನೋಡಿದ್ರೇನು?"

"ಶೆಟವಿ ಏನು ಮಗುಚಿ ಬರೀತಾಳೇನು?"

"ನಗಬ್ಯಾಡ್ರೀ! ನೋಡ್ರಿ ಇಲ್ಲೆ. ಹ್ವಾದ ಕೂಸಿನ ಹಾಳಿ ಇದು. ಅದರ ಹೆಣ ಬರದದ್ದು ಇದು!"

ಅವರು ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಹಾಳೆಯನ್ನು ದೀಪದ ಹತ್ತಿರ ಒಯ್ದರು. ಎಲ್ಲಾ ಛಲೋ ಆಗ್ತದ ಎನ್ನುವ ಬಾಯಿ ಅವತ್ತು ತೆರೆಯಲಿಲ್ಲ. ಲಗ್ನವಾದಾಗಿನಿಂದ ಅವರ ಆ ಮಾತಿಗೆ ಬೈಯುತ್ತ ಬಂದವಳು ನಾನು, ಅವತ್ತು ಆ ಮಾತು ಕೇಳಲು ಕಿವಿ ಕಾದವು.

ಆ ಗದ್ದಲದಲ್ಲೇ ಕೂಸನ್ನು ಎತ್ತಿಕೊಂಡೆ. ಅಷ್ಟು ಕೂಗಾಡಿದರೂ ಅದು ಎದ್ದಿರಲಿಲ್ಲ. ಬಾಯಿಗೆ ಬೆರಳಿಟ್ಟರೆ ಚೀಪಲಿಲ್ಲ. ಹುಟ್ಟಿದಾಗಿನಿಂದ ಕಡಲೆಹಿಟ್ಟು, ಅರಿಶಿನ ಹಚ್ಚಿ ಎರೆಯುತ್ತಿದ್ದೆವು. ಮೈ ಹಳದಿ ಇದ್ದದ್ದು ಅರಿಶಿನದ್ದೇ ಎಂದುಕೊಂಡಿದ್ದೆವು. ಕಿಟಕಿಯ ಹತ್ತಿರ ಹಿಡಿದು ರೆಪ್ಪೆ ಬಿಡಿಸಿ ನೋಡಿದೆ. ಕಣ್ಣಿನ ಬಿಳಿಯೂ ಹಳದಿ. ಕಣ್ಣಿಗೆ ಯಾರೂ ಅರಿಶಿನ ಹಚ್ಚಿರಲಿಲ್ಲ.

ಮಗನೂ ನಾನೂ ಸೈಕಲ್ ರಿಕ್ಷಾದಲ್ಲಿ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಭೇಲೂಪುರದ ಡಾಕ್ಟರ ಹತ್ತಿರ ಹೋದೆವು. ಎದುರಿನ ರಿಕ್ಷಾದವನ ಗಂಟೆ ಕೇಳುತ್ತಿತ್ತು, ರಿಕ್ಷಾ ಕಾಣುತ್ತಿರಲಿಲ್ಲ, ಅಂಥ ಮಂಜು. ಡಾಕ್ಟರು ಬೆರಳಿನಿಂದ ಕೂಸಿನ ಮೂಗಿನ ತುದಿ ಒತ್ತಿ, ಬಿಟ್ಟು, ಅಲ್ಲಿ ಮೂಡಿದ ಬಣ್ಣ ನೋಡಿದರು. ಹಾಗೇ ಎದೆಯ ಮೇಲೆ, ಹೊಟ್ಟೆಯ ಮೇಲೆ. "ಧೂಪ್ ದಿಖಾಇಯೇ, ಮಾತಾಜೀ. ಧೂಪ್ ಔರ್ ದೂಧ್," ಎಂದರು. ಬಿಸಿಲು, ಹಾಲು, ಎರಡೇ ಔಷಧ. ಹಾಲು ಗಳಿಗೆಗೊಮ್ಮೆ ಕುಡಿಸಬೇಕು, ಎಳೆಬಿಸಿಲಿಗೆ ಬರಿಮೈಯಲ್ಲಿ ಮಲಗಿಸಬೇಕು, ಕಣ್ಣಿಗೆ ಬಿಸಿಲು ಬೀಳಬಾರದು. ಹಳದಿ ಪಾದದ ತನಕ ಇಳಿದರೆ ದೊಡ್ಡ ಆಸ್ಪತ್ರೆಗೆ ಓಡಬೇಕು, ಅಲ್ಲಿ ಕೂಸಿನ ರಕ್ತವನ್ನೇ ಬದಲಿ ಮಾಡುತ್ತಾರೆ.

ಇಷ್ಟು ಚಿಕ್ಕ ಮೈಯ ರಕ್ತ ತೆಗೆದು ಬೇರೆ ಹಾಕುವುದೇ! ಮಗ ದಾರಿಯುದ್ದಕ್ಕೂ ರಿಕ್ಷಾದ ಮೇಲಿನ ಮುಸುಕು ಸರಿಸಿ ಆಕಾಶ ನೋಡುತ್ತಿದ್ದ. ಆಕಾಶ ಎಲ್ಲಿತ್ತು ನೋಡಲು? ಎಲ್ಲ ಕಡೆ ಒಲೆಯ ಬೂದಿಯ ಬಣ್ಣ.

ಮನೆಗೆ ಬಂದಾಗ ಸೊಸೆ ಎದ್ದು ಕುಳಿತಿದ್ದಳು. ಕರಿ ಹಾಳೆ ಆಕೆಯ ತೊಡೆಯ ಮೇಲಿತ್ತು. ನಾನು ನೇರ ಹೋಗಿ ಅದಕ್ಕೆ ಕೈ ಹಾಕಿದೆ. "ಕೊಡವಾ ಇಲ್ಲೆ. ಗಂಗಾಮಾಯಿಗೆ ಬಿಟ್ಟು ಬರ್ತಾರ ಇವರು. ಹಣೆಬರಹದ ಬೆನ್ನಿಗೆ ಹೆಣಾ ಬರದು ಇಟ್ಟೀವಲ್ಲ, ಇನ್ನೇನಾಗ್ತದ?"

ಆಕೆ ಹಾಳೆ ಬಿಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನಗೆ ಎದುರು ಮಾತಾಡಿದವಳಲ್ಲ.

"ಅತ್ತೀ, ಆ ಮಗ್ಗಲಾ ನಾ ಬರದದ್ದು. ಅದು ಆಗಿ ಹ್ವಾದದ್ದು. ಶೆಟವಿಗೆ ಉಳದದ್ದು ಈ ಮಗ್ಗಲಾ." ಖಾಲಿ ಕಡೆಯನ್ನು ನನಗೆ ತೋರಿಸಿದಳು. "ಒಂದ ಹಾಳಿ ಮ್ಯಾಲೆ ಅದನ್ನ ಎರಡು ಸಲ ಯಾರು ಬರೀತಾರ್ರಿ?"

ನಾನು ಕೈ ಹಿಂದೆ ತೆಗೆದೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು, "ಹೌದಲ್ಲ!" ಎಂದರು, ಶಾಸ್ತ್ರದಲ್ಲಿ ಎಲ್ಲೋ ಓದಿದ್ದು ನೆನಪಾದವರ ಹಾಗೆ. ಯಾವ ಶಾಸ್ತ್ರದಲ್ಲೂ ಅದು ಇರಲಿಕ್ಕಿಲ್ಲ.

"ಕೂಸಿನ್ನ ಕೊಡ್ರಿ," ಎಂದಳು ಸೊಸೆ. ಡಾಕ್ಟರು ಹೇಗೆ ನೋಡಿದರು ಎಂದು ಕೇಳಿದಳು. ಮಗ ತೋರಿಸಿಕೊಟ್ಟ. ಆಕೆ ಕೂಸಿನ ಮುಖವನ್ನು ಬೆಳಕಿಗೆ ತಿರುಗಿಸಿ, ಮೂಗಿನ ತುದಿ ಒತ್ತಿ, ಬಿಟ್ಟು, ನೋಡಿದಳು. ಹುಟ್ಟಿದಾಗಿನಿಂದ ಮೊದಲ ಸಲ ನೋಡಿದಳು. ಒಮ್ಮೆ ನೋಡಿದ ಮೇಲೆ ಕಣ್ಣು ತೆಗೆಯುವಂತಿರಲಿಲ್ಲ, ಹಳದಿ ಎಲ್ಲಿಯ ತನಕ ಇಳಿಯಿತು ಎಂದು ನೋಡುತ್ತಲೇ ಇರಬೇಕಲ್ಲ. ಹಣೆ, ಎದೆ, ಹೊಟ್ಟೆ, ತೊಡೆ. ಹಾಲು ಹಿಂಡಿ ಬೆಳ್ಳಿಯ ಒಳಲೆಯಲ್ಲಿ ತುಟಿಯ ಸಂದಿಗೆ ಬಿಡುತ್ತಿದ್ದಳು. ಅರ್ಧ ಕೆನ್ನೆಗೆ ಇಳಿಯುತ್ತಿತ್ತು. ಒರೆಸಿ ಮತ್ತೆ ಬಿಡುತ್ತಿದ್ದಳು.

ಹಾಲು ಹೇಗೋ ಆಯಿತು. ಬಿಸಿಲು ಎಲ್ಲಿಂದ ತರುವುದು? ಮಂಜು ಮರುದಿನವೂ ಹರಿಯಲಿಲ್ಲ. ಸೂರ್ಯ ಹುಟ್ಟಿದ್ದಾನೆ ಎಂದು ಗಡಿಯಾರ ನೋಡಿ ತಿಳಿಯಬೇಕು. ಮಗ ಕೆಲಸಕ್ಕೆ ಹೋಗದೆ ಮಾಳಿಗೆಗೂ ಕೋಣೆಗೂ ಹತ್ತಿ ಇಳಿಯುತ್ತಿದ್ದ. ಗಲ್ಲಿಯಲ್ಲಿ ಹೆಣಗಳು ಹೋಗುತ್ತಲೇ ಇದ್ದವು. ಚಳಿಗೆ ಮುದುಕರು ಹೆಚ್ಚು ಹೋಗುತ್ತಾರೆ. ಕೆಳಗಿನ ಅಜ್ಜಿ ಪ್ರತಿ ಕೂಗಿಗೂ ಬಾಗಿಲಿಗೆ ಬಂದು ನೋಡುತ್ತಿದ್ದರು. ಸಂಜೆಗೆ ಹಳದಿ ಮೊಣಕಾಲು ಮುಟ್ಟಿತು. ನಾನು ದೇವರ ಮುಂದೆ ಕುಳಿತೆ, ಆದರೆ ಏನೂ ಕೇಳಿಕೊಳ್ಳಲಾಗಲಿಲ್ಲ. ಕೇಳಿಕೊಂಡರೆ ಆಸೆ ಇಟ್ಟ ಹಾಗೆ. ಆಸೆ ಇಟ್ಟರೆ ಆ ಕಲ್ಲು ಕಣ್ಣ ಮುಂದೆ ಬರುತ್ತಿತ್ತು. ನಾನು ಎಂದೂ ನೋಡದ ದೋಣಿಯವನ ಮುಖ ಕೂಡ ಬಂತು.

ಬೆಳಗಾದರೆ ದೊಡ್ಡ ಆಸ್ಪತ್ರೆಗೆ ಹೋಗುವುದು ಎಂದು ಆಯಿತು. ಮಗ ರಿಕ್ಷಾದವನಿಗೆ ಹೇಳಿಯೂ ಬಂದಿದ್ದ.

ಬೆಳಿಗ್ಗೆ ನಾನು ಬೋರ್ಸಿಗೆ ಕೆಂಡ ತುಂಬುತ್ತಿದ್ದೆ. ಬೋರ್ಸಿ ಎಂದರೆ ಅಲ್ಲಿಯವರ ಮಣ್ಣಿನ ಅಗ್ಗಿಷ್ಟಿಗೆ. ಎದುರು ಮನೆಯ ಗೋಡೆಯ ತುದಿಯಲ್ಲಿ ಒಂದು ಗೇಣು ಜಾಗ ಬೇರೆ ಬಣ್ಣಕ್ಕೆ ತಿರುಗಿತು. ನೋಡುತ್ತ ಕುಳಿತೆ. ಅದು ಕೆಂಪಾಯಿತು, ಹಳದಿಯಾಯಿತು. ಬಾಯಿ ಬಿಡಲು ಹೆದರಿದೆ. ಮಾಳಿಗೆಯಿಂದ ಮಗ ಕೂಗಿದ, ಕನ್ನಡ ಹಿಂದಿ ಎಲ್ಲ ಕಲಸಿ: "ಅವ್ವಾ! ಧೂಪ್! ಬಿಸಲ ಬಂತು! ಜಲ್ದಿ ತಗೊಂಬಾ!"

ಬಾಣಂತಿ ಗಾಳಿಗೆ ಹೋಗಬಾರದು, ಮೆಟ್ಟಿಲು ಹತ್ತಬಾರದು. ನಾನು ಹೇಳಬೇಕೆನ್ನುವುದರೊಳಗೆ ಸೊಸೆ ಕೂಸನ್ನು ಎದೆಗೆ ಅವಚಿಕೊಂಡು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು. ಹಿಂದೆ ಯಜಮಾನರು ದೊಣ್ಣೆ ಹಿಡಿದುಕೊಂಡು. ಕಾಶಿಯ ಮಾಳಿಗೆಗಳು ಮಂಗಗಳವು, ನಾವು ಬಾಡಿಗೆದಾರರು. ಬಿಸಿಲು ಬಂತೆಂದು ಅವೂ ಮೈ ಕಾಯಿಸಲು ಸಾಲಾಗಿ ಕುಳಿತಿದ್ದವು. ಯಜಮಾನರು ದೊಣ್ಣೆ ಬೀಸಿ, "ನಡೀರೋ, ಮೊದಲ ನಮ್ಮ ಹುಡುಗೀ ಪಾಳಿ!" ಎಂದು ಅಟ್ಟಿದರು.

ದುಪ್ಪಟಿ ಹಾಸಿ ಕೂಸನ್ನು ಬರಿಮೈಯಲ್ಲಿ ಮಲಗಿಸಿದೆವು. ಎಷ್ಟು ಸಣ್ಣದಿತ್ತು ಎಂದು ನನಗೆ ಆ ಬೆಳಕಿನಲ್ಲೇ ತಿಳಿದದ್ದು. ಬಿಸಿಲು ನೇರ ಕಣ್ಣಿಗೆ ಬಿದ್ದು ಮುಖ ಕಿವುಚಿತು. ಸೊಸೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಹಾಳೆಯನ್ನು ತೆಗೆದು ಕೂಸಿನ ಮುಖದ ಮೇಲೆ ನೆರಳು ಹಿಡಿದಳು. ಅದೇ ಹಾಳೆ. ಕಪ್ಪು ಬಿಸಿಲಿಗೆ, ಖಾಲಿ ಮಗ್ಗುಲು ಕೂಸಿಗೆ.

"ಅದನ್ನ ಯಾಕ ಹಿಡೀತಿ, ಸೆರಗ ಹಿಡಿಯವಾ!" ಎಂದೆ.

"ಸೆರಗಿನ್ಯಾಗ ಬಿಸಲ ತೂರತದ್ರಿ. ಇದರಾಗ ತೂರೂದಿಲ್ಲ. ಎಷ್ಟು ಮಸಿ ಬಳದೀನಿ ಗೊತ್ತದ ಏನು ನಿಮಗ?"

ನಿಜ. ನೆರಳು ಗಟ್ಟಿಯಾಗಿತ್ತು. ಒಂದೇ ಕಡೆ, ಆಕೆ ಮಸಿ ಬಳಿಯದೆ ಬಿಟ್ಟ ಹೆಬ್ಬೆರಳಿನಷ್ಟು ಜಾಗದಿಂದ ಬೆಳಕು ಇಳಿದು ಕೂಸಿನ ಹಣೆಯ ಮೇಲೆ ಬಿದ್ದಿತ್ತು, ಮಂದವಾಗಿ, ಬೆಣ್ಣೆ ಹಚ್ಚಿದ ಹಾಗೆ. ಸೊಸೆಯೂ ನೋಡಿದಳು, ನಾನೂ ನೋಡಿದೆ. ಗಾಳಿಗೆ ಹಾಳೆ ಅಲುಗಿದಾಗ ಆ ಬೆಳಕು ಹುಬ್ಬಿಗೆ ಸರಿಯುತ್ತಿತ್ತು, ಆಕೆ ಮತ್ತೆ ಹಣೆಗೆ ತರುತ್ತಿದ್ದಳು.

ಮೆಟ್ಟಿಲಲ್ಲಿ ಏದುಸಿರು ಕೇಳಿತು. ಕೆಳಗಿನ ಅಜ್ಜಿ ಗೋಡೆ ಹಿಡಿದು ಹಿಡಿದು ಮಾಳಿಗೆಯ ತನಕ ಬಂದುಬಿಟ್ಟಿದ್ದರು. ಕೂಸಿನ ಹತ್ತಿರ ಕುಕ್ಕರಿಸಿ ಅದಕ್ಕೆ ಬೆರಳು ತೋರಿಸಿ ಬೈದರು. "ಏನ ಧೈರ್ಯ ನಿಂದು? ನಾ ಎಷ್ಟು ವರ್ಷದಿಂದ ನಿಂತೀನಿ ಪಾಳಿಯೊಳಗ. ಮೊನ್ನೆ ಬಂದಾಕಿ, ನನ್ನ ದಾಟಿ ಮುಂದ ಹೊಂಟಿಯೇನ? ಹಿಂದ ಸರಿ!"

ಕೂಸು ಸೀನಿತು. ಆಮೇಲೆ ಅತ್ತಿತು. ಎರಡು ದಿನದ ಮೇಲೆ ಮೊದಲ ಸಲ, ಮಾಳಿಗೆಯ ಮಂಗಗಳು ತಿರುಗಿ ನೋಡುವ ಹಾಗೆ. ಸೊಸೆ ಎತ್ತಿಕೊಂಡು ಎದೆಗೆ ಹಿಡಿದಳು, ಕೂಸು ಬಾಯಿ ಹಾಕಿತು. ಯಜಮಾನರು ದೊಣ್ಣೆ ಊರಿಕೊಂಡು ಆ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ಎಲ್ಲಾ ಛಲೋ ಆಗ್ತದ ಎನ್ನುವವರು ಒಳಗೆ ಎಷ್ಟು ಹೆದರಿರುತ್ತಾರೆ ಎಂದು ನನಗೆ ಅವತ್ತು ತಿಳಿಯಿತು.

ದೊಡ್ಡ ಆಸ್ಪತ್ರೆಗೆ ಈಗ ಬೇಡವೆಂದು ಮಗ ರಿಕ್ಷಾದವನಿಗೆ ಹೇಳಿ, ಕೂಸನ್ನು ಭೇಲೂಪುರದ ಡಾಕ್ಟರ ಹತ್ತಿರ ಇನ್ನೊಮ್ಮೆ ಒಯ್ಯಲು ಸಂಜೆಗೆ ಬರಹೇಳಿದ. ಡಾಕ್ಟರು ಒತ್ತಿ ನೋಡಿ, ಹಳದಿ ಕಡಿಮೆಯಾಗುತ್ತಿದೆ, ಬಿಸಿಲು ಬಿಡಬೇಡಿ ಎಂದರು. ದಿನಾ ಮಾಳಿಗೆ, ದಿನಾ ಹಾಳೆ, ದಿನಾ ಮಂಗಗಳ ಜೊತೆ ಜಗಳ. ಮೊಣಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಹಳದಿ ಹಿಂದೆ ಸರಿಯಿತು. ಹನ್ನೊಂದನೆಯ ದಿನ ಮನೆ ತೊಳೆದು ಶುದ್ಧಿ ಮಾಡಿದೆವು. ಹನ್ನೆರಡನೆಯ ದಿನ, ಮೊದಲೇ ಹೇಳಿದೆನಲ್ಲ, ತೊಟ್ಟಿಲಿಗೆ ಹಾಕಿದೆವು! ಗಲ್ಲಿಯ ಹೆಂಗಸರು ಡೋಲಕ್ ತಂದು ಅವರ ಭಾಷೆಯಲ್ಲಿ ಹಾಡಿದರು. ನಾನು ನಮ್ಮ ಕಡೆಯ ಜೋಗುಳ ಹಾಡಿದೆ, ಸ್ವರ ಎಲ್ಲಿಗೋ ಹೋಯಿತು, ಯಾರು ಕೇಳುತ್ತಾರೆ? ಕಿವಿಯಲ್ಲಿ ಹೆಸರು ಹೇಳುವಾಗ ನನ್ನ ಬಾಯಿಂದ ಹೆಸರಿನ ಬದಲು ನಗು ಬಂತು.

ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುವ ರೂಢಿ ಇರಲಿಲ್ಲ. ಮಡಿಯಲ್ಲಿ ಯಜಮಾನರು, ಆಮೇಲೆ ಯಾತ್ರಿಕರು, ಆಮೇಲೆ ಮಗ, ಎಲ್ಲ ಮುಗಿದ ಮೇಲೆ ನಾವು ಹೆಂಗಸರು, ಅದೂ ಅಡಿಗೆಮನೆಯ ಮೂಲೆಯಲ್ಲಿ ನಿಂತೋ ಕುಳಿತೋ. ಕೂಸುಗಳು ಹೋದ ಮೇಲೆ ಸೊಸೆ ಯಾವಾಗ ಉಣ್ಣುತ್ತಿದ್ದಳೋ, ಏನು ಉಣ್ಣುತ್ತಿದ್ದಳೋ ನಾನು ಕಂಡಿರಲಿಲ್ಲ. ಅವತ್ತು ಸಂಜೆ ಯಜಮಾನರೇ ಒಂದೇ ಸಾಲಿನಲ್ಲಿ ಎಲ್ಲರಿಗೂ ಪತ್ರಾವಳಿ ಹಾಕಿದರು. "ಏನ್ರೀ ಇದು ಹೊಸದು?" ಎಂದರೆ, "ಕೂತ್ಕೊ ಸುಮ್ಮ. ಬಡಿಸಿ ಇಟ್ಟಬಿಡೂಣು, ಬೇಕಾದ್ದು ತಾವ ಹಾಕ್ಕೋತಾರ," ಎಂದರು.

ಸೊಸೆ ಕೂಸನ್ನು ಮಗನ ತೊಡೆಗೆ ಕೊಟ್ಟು, ಚಿಟಿಕೆಯಲ್ಲಿ ರಂಗೋಲಿ ಹಿಡಿದು ಒಂದೊಂದು ಪತ್ರಾವಳಿಯ ಸುತ್ತಲೂ ಚುಕ್ಕಿ ಇಟ್ಟು ಗೆರೆ ಎಳೆಯುತ್ತ ಬಂದಳು. ಕೆಳಗಿನ ಅಜ್ಜಿ ರಾತ್ರಿ ಅನ್ನ ಉಣ್ಣುವವರಲ್ಲ. ಹುರಿದ ಅವಲಕ್ಕಿಯ ಬಟ್ಟಲು ಹಿಡಿದುಕೊಂಡು ಬಂದು ಸಾಲಿನ ತುದಿಗೆ ಕುಳಿತಿದ್ದರು. ಅವರ ಬಟ್ಟಲಿನ ಸುತ್ತಲೂ ಆಕೆ ಗೆರೆ ಎಳೆದಳು.

"ಸುಖದ್ದು ಬರೀಲಿಕ್ಕೆ ಬಂತೇನವಾ?" ಎಂದು ಅಜ್ಜಿ ಕೇಳಿದರು.

"ಇಲ್ರಿ ಅಜ್ಜಿ, ಇನ್ನೂ ಬಂದಿಲ್ಲ. ಹಸಿವ್ಯಾಗೇದ, ಮೊದಲ ಉಣ್ಣೂಣು."

"ಬ್ಯಾಡ ಬಿಡು, ಗಡಬಡಿ ಮಾಡಬ್ಯಾಡ. ನೀ ಬರದಿ ಅಂದ್ರ ನೋಡಿ ಸಾಯ್ಬೇಕಾಗ್ತದ ನಾ." ಹೋಳಿಗೆಯ ಬುಟ್ಟಿಯ ಕಡೆ ಕಣ್ಣು ಹಾಯಿಸಿದರು. "ಹೋಳಿಗಿ ಅನ್ನ ಅಲ್ಲಲ್ಲ? ಹಾಕಿಲ್ಲೊಂದು."

ಸೊಸೆ ಹಾಕಿದಳು, ಮೇಲೆ ತುಪ್ಪ ಬಿಟ್ಟಳು. ತಾನೂ ಮಗನ ಪಕ್ಕದ ಪತ್ರಾವಳಿಗೆ ಬಂದು ಕುಳಿತಳು. ಮಗ ಎಡಗೈಯಲ್ಲಿ ಕೂಸನ್ನು ಹಿಡಿದು ಬಲಗೈಯಲ್ಲಿ ಕಟ್ಟಿನ ಸಾರನ್ನ ಕಲಸಿ ಉಣ್ಣುತ್ತಿದ್ದ, ಸಾರು ಮೊಣಕೈಗೆ ಇಳಿಯುತ್ತಿತ್ತು. ಕೆಳಗೆ ಗಲ್ಲಿಯಲ್ಲಿ ಯಾರನ್ನೋ ಒಯ್ಯುತ್ತಿದ್ದರು, ಕೂಗು ಬಂದು ಹೋಯಿತು. ಯಜಮಾನರು ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದರು. ಸೊಸೆ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ನಾನು ಬಡಿಸಿದೆ, ಆಮೇಲೆ ನಾನೂ ಕುಳಿತು ಉಂಡೆ.